ದಾಂಪತ್ಯ ಮುರಿದರೆ ಗ್ರೀನ್ ಕಾರ್ಡ್ ಏನಾಗುತ್ತದೆ?

ಮಧುಗಿರಿ: ಪಾವಗಡದ ಹೆಣ್ಣುಮಗಳು ಮಡಕಶಿರಾಕ್ಕೋ ಹಿಂದೂಪುರಕ್ಕೋ ಸೊಸೆಯಾಗಿ ಹೋದರೆ ರಾಜ್ಯ ಬದಲಾಗುತ್ತದೆಯೇ ಹೊರತು ಆಕೆಯ ಹಕ್ಕುಗಳು ಬದಲಾಗುವುದಿಲ್ಲ. ಮನಸ್ತಾಪ ಬಂದು ತವರಿಗೆ ಮರಳಿದರೂ, ಅಲ್ಲಿಯೇ ಬೇರೆ ಮನೆ ಹೂಡಿದರೂ ಯಾವ ಸರ್ಕಾರವೂ ಪ್ರಶ್ನಿಸದು. ಅದೇ ಹೆಣ್ಣು ಡಲ್ಲಾಸ್‌ಗೋ ಮೆಲ್ಬರ್ನ್‌ಗೋ ತೆರಳಿದಾಗ ಆ ನೆಲದಲ್ಲಿ ಉಳಿಯುವ ಹಕ್ಕೇ ಪತಿಯ ಹೆಸರಿನೊಂದಿಗೆ ಹೆಣೆದುಕೊಂಡಿರುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನೊಳಗೊಂಡ ಮಧುಗಿರಿ ಉಪವಿಭಾಗದಿಂದ ಬೆಂಗಳೂರಿನ ಮೂಲಕ ವಿದೇಶ ಸೇರಿದ ಕುಟುಂಬಗಳಿಗೂ ಈ ಮಾತು ಅನ್ವಯಿಸುತ್ತದೆ. ವರನ ಸಂಬಳ, ಕಂಪನಿ, ಗೋತ್ರಗಳನ್ನೆಲ್ಲ ವಿಚಾರಿಸುವ ಹಿರಿಯರು ಆತನ ವೀಸಾ ಯಾವ ಬಗೆಯದೆಂದು ಕೇಳುವುದು ಮಾತ್ರ ಅಪರೂಪ.

ಸಂಬಂಧ ಮುರಿಯಿತೆಂಬುದಕ್ಕಿಂತ ಯಾವ ಹಂತದಲ್ಲಿ ಮುರಿಯಿತು ಎಂಬುದೇ ಇಲ್ಲಿ ನಿರ್ಣಾಯಕ.

ಅಮೆರಿಕವನ್ನೇ ತೆಗೆದುಕೊಳ್ಳೋಣ. ಎಚ್-1ಬಿ ವೀಸಾ ಮೇಲೆ ದುಡಿಯುವ ತಂತ್ರಜ್ಞನ ಪತ್ನಿಗೆ ದೊರೆಯುವುದು ಎಚ್-4 ಎಂಬ ಅವಲಂಬಿತ ವೀಸಾ. ಕೇವಲ ಬೇರೆ ಬೇರೆಯಾಗಿ ವಾಸಿಸಿದ ಮಾತ್ರಕ್ಕೆ ಅದು ರದ್ದಾಗದು. ಆದರೆ ವಿಚ್ಛೇದನ ಅಂತಿಮಗೊಂಡ ದಿನವೇ ಅದರ ಆಧಾರ ಕುಸಿಯುತ್ತದೆ. ಉದ್ಯೋಗದ ಆಧಾರದಲ್ಲಿ ಗ್ರೀನ್ ಕಾರ್ಡ್ ಬಯಸುವ ಭಾರತೀಯರ ಸರದಿ ಸಾಲು ಅತಿ ದೀರ್ಘವಾದುದು. ಆ ಸಾಲಿನಲ್ಲಿ ಪತಿಯೊಂದಿಗೆ ಹತ್ತು ವರ್ಷ ಕಾದಿದ್ದರೂ, ಕಾರ್ಡ್ ಮಂಜೂರಾಗುವ ಮುನ್ನ ವಿಚ್ಛೇದನವಾದರೆ ಪತ್ನಿಯ ಪಾಲಿಗೆ ಸರದಿ ಉಳಿಯುವುದಿಲ್ಲ. ಅದು ಪತಿಯ ಸ್ವತ್ತು. ಉಳಿಯಬೇಕಾದರೆ ಆಕೆ ಸ್ವಂತ ಉದ್ಯೋಗದ ಅಥವಾ ವಿದ್ಯಾರ್ಥಿ ವೀಸಾ ಪಡೆಯಬೇಕು. ಪತಿಯೇ ಅವಲಂಬಿತನಾಗಿದ್ದರೂ ನಿಯಮ ಇದೇ.

ಅಮೆರಿಕದ ನಾಗರಿಕ ಅಥವಾ ಗ್ರೀನ್ ಕಾರ್ಡ್ ಹೊಂದಿದ ಪತಿ ನೇರವಾಗಿ ಪ್ರಾಯೋಜಿಸಿದ್ದರೆ ಲೆಕ್ಕಾಚಾರ ಬೇರೆ. ಕಾಯಂ ವಾಸದ ಹಕ್ಕು ದೊರೆಯುವಾಗ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಎರಡೇ ವರ್ಷದ ಷರತ್ತುಬದ್ಧ ಕಾರ್ಡ್. ಅದರ ಅವಧಿ ಮುಗಿಯುವ ಮುಂಚಿನ 90 ದಿನಗಳೊಳಗೆ ದಂಪತಿ ಜಂಟಿಯಾಗಿ ಐ-751 ಅರ್ಜಿ ಸಲ್ಲಿಸಿ ಷರತ್ತು ತೆಗೆಸಿಕೊಳ್ಳಬೇಕು. 'ನಾನು ಸಹಿ ಹಾಕದಿದ್ದರೆ ನಿನ್ನನ್ನು ದೇಶದಿಂದ ಹೊರಗಟ್ಟುತ್ತಾರೆ' ಎಂಬ ಬೆದರಿಕೆ ಹುಟ್ಟುವುದು ಈ ಜಂಟಿ ಸಹಿಯಿಂದಲೇ.

ಬೆದರಿಕೆಯಲ್ಲಿ ಅರ್ಧ ಸತ್ಯ ಮಾತ್ರವಿದೆ. ಪ್ರಾಮಾಣಿಕವಾಗಿ ಮದುವೆಯಾಗಿ ನಂತರ ವಿಚ್ಛೇದನ ಪಡೆದವರು, ಪತಿಯ ಹಿಂಸೆ ಅಥವಾ ತೀವ್ರ ಕ್ರೌರ್ಯಕ್ಕೆ ಒಳಗಾದವರು ಜಂಟಿ ಸಹಿಯಿಂದ ವಿನಾಯಿತಿ ಕೋರಿ ಒಬ್ಬರೇ ಅರ್ಜಿ ಸಲ್ಲಿಸಬಹುದು. ಅದಕ್ಕೆ 90 ದಿನಗಳ ಆ ಗಡುವಿಗಾಗಿ ಕಾಯಬೇಕಿಲ್ಲ. ಮದುವೆ ನೈಜವಾಗಿತ್ತೆಂದು ಸಾಬೀತುಪಡಿಸುವ ಹೊಣೆ ಮಾತ್ರ ಅರ್ಜಿದಾರರದ್ದೇ. ಇಲ್ಲಿ ಕಲ್ಯಾಣ ಮಂಟಪದ ಆಲ್ಬಮ್‌ಗಿಂತ ಜಂಟಿ ಬ್ಯಾಂಕ್ ಖಾತೆ, ಇಬ್ಬರ ಹೆಸರಿನ ಬಾಡಿಗೆ ಕರಾರು, ವಿಮೆ, ತೆರಿಗೆ ವಿವರಗಳಿಗೆ ತೂಕ ಹೆಚ್ಚು. ಅರ್ಜಿಯನ್ನೇ ಸಲ್ಲಿಸದೆ ಅವಧಿ ಮೀರಿದರೆ ಹಕ್ಕು ತಾನಾಗಿ ಕೊನೆಗೊಳ್ಳುತ್ತದೆ.

ಷರತ್ತು ತೆಗೆದ ಬಳಿಕ, ಅಂದರೆ ಹತ್ತು ವರ್ಷದ ಕಾರ್ಡ್ ಕೈಸೇರಿದ ಮೇಲೆ, ವಿಚ್ಛೇದನದಿಂದಷ್ಟೇ ಅದು ಹೋಗದು. ನಾಗರಿಕನ ಪತ್ನಿಗೆ ಮೂರು ವರ್ಷಕ್ಕೆ ಸಿಗಬಹುದಾಗಿದ್ದ ಪೌರತ್ವದ ಅವಕಾಶ ಸಾಮಾನ್ಯ ಐದು ವರ್ಷಕ್ಕೆ ಸರಿಯುತ್ತದೆ, ಅಷ್ಟೆ. ಪ್ರಾಯೋಜಿಸುವಾಗ ಪತಿ ಬರೆದುಕೊಟ್ಟ ಆರ್ಥಿಕ ಆಸರೆಯ ಮುಚ್ಚಳಿಕೆ ಕೂಡ ವಿಚ್ಛೇದನದಿಂದ ರದ್ದಾಗುವುದಿಲ್ಲ ಎಂಬುದು ಹಲವರಿಗೆ ತಿಳಿಯದ ಸಂಗತಿ.

ತವರಿಗೆ ಕಳುಹಿಸುವ ತಂತ್ರ

'ನಾಲ್ಕು ದಿನ ಊರಿಗೆ ಹೋಗಿ ಬಾ' ಎಂದು ಪತ್ನಿಯನ್ನು ಕಳುಹಿಸಿ, ಬಳಿಕ ದೂರವಾಣಿಗೂ ಸಿಗದೆ, ಅಲ್ಲಿನ ನ್ಯಾಯಾಲಯದಲ್ಲಿ ವಿಚ್ಛೇದನಕ್ಕೆ ಅರ್ಜಿ ಹಾಕುವುದು ಈ ಪ್ರಕರಣಗಳ ಅತ್ಯಂತ ಕ್ರೂರ ಮುಖ. ಗ್ರೀನ್ ಕಾರ್ಡ್ ಇದ್ದರೂ ಮರುಪ್ರವೇಶ ಪರವಾನಗಿ ಇಲ್ಲದೆ ಒಂದು ವರ್ಷಕ್ಕೂ ಮೀರಿ ಹೊರಗುಳಿದರೆ ಆ ಕಾರ್ಡೊಂದರ ಬಲದಿಂದ ಮರಳಲಾಗದು. ಆದ್ದರಿಂದ ವಿಮಾನ ಏರುವ ಮುನ್ನವೇ ಮೂಲ ದಾಖಲೆಗಳು ಯಾರ ಕೈಯಲ್ಲಿವೆಯೆಂದು ನೋಡಿಕೊಳ್ಳಬೇಕು.

ಏಕಪಕ್ಷೀಯ ವಿದೇಶಿ ತೀರ್ಪಿನ ಬಗ್ಗೆ ನಮ್ಮ ಕಾನೂನು ಸ್ಪಷ್ಟವಾಗಿದೆ. 1991ರಲ್ಲಿ ನರಸಿಂಹ ರಾವ್ - ವೆಂಕಟಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹಿಂದೂ ವಿವಾಹ ಕಾಯ್ದೆ ಒಪ್ಪದ ಕಾರಣದ ಮೇಲೆ ಅಮೆರಿಕದ ಮಿಸ್ಸೂರಿ ನ್ಯಾಯಾಲಯ ನೀಡಿದ್ದ ವಿಚ್ಛೇದನವನ್ನು ಮಾನ್ಯ ಮಾಡಲಿಲ್ಲ. ಪತ್ನಿ ಒಪ್ಪಿಗೆ ನೀಡಿದ್ದರೆ ಮಾತು ಬೇರೆ. ಹೀಗಾಗಿ ಅಂಚೆಯಲ್ಲಿಯೋ ಮಿಂಚಂಚೆಯಲ್ಲಿಯೋ ಬಂದ ಕಾಗದಕ್ಕೆ ವಕೀಲರಿಗೆ ತೋರಿಸದೆ ಸಹಿ ಹಾಕಬಾರದು. ಇದರ ವಿಚಿತ್ರ ಪರಿಣಾಮವೆಂದರೆ, ಒಬ್ಬಾಕೆ ಅಲ್ಲಿ ವಿಚ್ಛೇದಿತೆಯಾಗಿಯೂ ಇಲ್ಲಿ ವಿವಾಹಿತೆಯಾಗಿಯೂ ಉಳಿಯಬಹುದು. ವೀಸಾ ಮಾತ್ರ ಅಲ್ಲಿನ ತೀರ್ಪನ್ನೇ ಅನುಸರಿಸುತ್ತದೆ. 2003ರ ತಿದ್ದುಪಡಿಯ ನಂತರ ಪತ್ನಿ ತಾನು ನೆಲೆಸಿರುವ ಸ್ಥಳದ ವ್ಯಾಪ್ತಿಯ ನ್ಯಾಯಾಲಯದಲ್ಲೇ ದಾವೆ ಹೂಡಬಹುದಾದ್ದರಿಂದ ತವರಿಗೆ ಬಂದವಳು ಮದುವೆ ನಡೆದ ಊರಿಗೋ ಗಂಡನ ಊರಿಗೋ ಅಲೆಯಬೇಕಿಲ್ಲ.

ಆಸ್ಟ್ರೇಲಿಯಾದಲ್ಲಿ ಸಂಗಾತಿ ವೀಸಾ ಎರಡು ಹಂತಗಳದ್ದು: ಮೊದಲು ತಾತ್ಕಾಲಿಕ, ಅರ್ಜಿ ಹಾಕಿ ಸುಮಾರು ಎರಡು ವರ್ಷದ ನಂತರ ಕಾಯಂ. ನಡುವೆ ಸಂಬಂಧ ಮುರಿದರೆ ವಲಸೆ ಇಲಾಖೆಗೆ ತಿಳಿಸಬೇಕು. ಕೌಟುಂಬಿಕ ಹಿಂಸೆ ನಡೆದಿದ್ದರೆ ಅಥವಾ ದಂಪತಿಗೆ ಮಗುವಿದ್ದರೆ ಕಾಯಂ ವೀಸಾ ಆಗಲೂ ದೊರೆಯುವ ಅವಕಾಶವಿದೆ. ಕೆನಡಾ 2012ರಲ್ಲಿ ಎರಡು ವರ್ಷ ಒಟ್ಟಿಗೆ ಬಾಳಲೇಬೇಕೆಂಬ ಷರತ್ತು ತಂದು, ಅದು ಹಿಂಸೆಗೊಳಗಾದವರನ್ನೂ ಕಟ್ಟಿಹಾಕುತ್ತದೆಂಬ ಟೀಕೆಯ ನಂತರ 2017ರಲ್ಲಿ ಕೈಬಿಟ್ಟಿತು. ಪರದೇಶಗಳನ್ನಷ್ಟೇ ದೂರುವಂತಿಲ್ಲ: ಭಾರತೀಯರನ್ನು ಮದುವೆಯಾಗಿ ಒಸಿಐ ಕಾರ್ಡ್ ಪಡೆದ ವಿದೇಶಿಯರಿಗೆ ವಿಚ್ಛೇದನವಾದರೆ ಆ ಕಾರ್ಡನ್ನು ರದ್ದುಪಡಿಸುವ ಅಧಿಕಾರ ನಮ್ಮ ಸರ್ಕಾರಕ್ಕೂ ಇದೆ.

ಪರಿತ್ಯಕ್ತ ಮಹಿಳೆಯರು ದೆಹಲಿಯ ರಾಷ್ಟ್ರೀಯ ಮಹಿಳಾ ಆಯೋಗದ ಅನಿವಾಸಿ ಭಾರತೀಯ ಘಟಕಕ್ಕೆ ದೂರು ನೀಡಬಹುದು. ವಿದೇಶದಲ್ಲಿದ್ದರೆ ಭಾರತೀಯ ದೂತಾವಾಸವನ್ನು ಸಂಪರ್ಕಿಸಬಹುದು. ಮದುವೆಯಾದ ಕೂಡಲೇ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಿ, ಆ ಪ್ರಮಾಣಪತ್ರದೊಂದಿಗೆ ಮಗಳ ಪಾಸ್‌ಪೋರ್ಟ್, ವೀಸಾ ಹಾಗೂ ಅಳಿಯನ ವೀಸಾ, ಉದ್ಯೋಗದ ವಿವರಗಳ ನಕಲುಗಳನ್ನು ತವರಿನಲ್ಲೂ ಒಂದು ಕಡತದಲ್ಲಿ ಇರಿಸಿಕೊಳ್ಳುವುದು ಒಳಿತು.