ದನಿ ಒಡೆಯುವ ಲೆಕ್ಕ

ಹನುಮಸಾಗರದ ಕಡೆ ದೊಡ್ಡಾಟದ ನಡುವೆ ಮೈಕಿನ ದನಿ ಒಡೆದರೆ ಎಲ್ಲರ ಕಣ್ಣು ಮೈಕ್‌ಸೆಟ್ಟಿನವನ ಮೇಲೆ. ಅವನು ಗಡಬಡಿಸಿ ವಾಲ್ಯೂಮ್ ಇಳಿಸುತ್ತಾನೆ. ಮೆಟಲ್ ಸಂಗೀತದ ಗಿಟಾರಿನವರದು ತದ್ವಿರುದ್ಧ ದಾರಿ: ದನಿ ಒಡೆಯಲೆಂದೇ ಹಣ ಸುರಿದು, ರಟ್ಟೆ ಸೋಲುವಷ್ಟು ಭಾರದ ವಾಲ್ವ್ ಆಂಪ್ಲಿಫೈಯರ್ ಹೊತ್ತು ತರುತ್ತಾರೆ. ಎರಡೂ ಕಡೆ ಭೌತವಿಜ್ಞಾನ ಒಂದೇ. ದನಿಯನ್ನು ಎಲ್ಲಿ, ಯಾವ ಕ್ರಮದಲ್ಲಿ ಒಡೆಯುತ್ತೇವೆ ಎಂಬುದಷ್ಟೇ ಬೇರೆ.

ವಾಲ್ವ್ ಎಂದರೆ ಗಾಳಿ ತೆಗೆದ ಗಾಜಿನ ಕೊಳವೆ. ಒಳಗೆ ಕಾದ ಕ್ಯಾಥೋಡ್ ಎಲೆಕ್ಟ್ರಾನುಗಳನ್ನು ಹೊರಹಾಕುತ್ತದೆ, ನೂರಾರು ವೋಲ್ಟಿನ ಪ್ಲೇಟು ಅವನ್ನು ಸೆಳೆಯುತ್ತದೆ, ನಡುವಿನ ಗ್ರಿಡ್ಡು ಆ ಹರಿವನ್ನು ಹಿಡಿತದಲ್ಲಿಡುತ್ತದೆ. ಗಿಟಾರಿನ ಪುಟ್ಟ ವೋಲ್ಟೇಜು ಗ್ರಿಡ್ಡನ್ನು ಅಲುಗಿಸಿದರೆ ಪ್ಲೇಟಿನಲ್ಲಿ ಅದರ ದೊಡ್ಡ ನಕಲು. ಈ ಕೆಲಸಕ್ಕೆ ಹೆಸರಾದದ್ದು ಇಸಿಸಿ83. ಬೆಂಗಳೂರಿನ ಬಿಇಎಲ್ 1961ರಲ್ಲಿ ರೇಡಿಯೊ ವಾಲ್ವ್ ತಯಾರಿಕೆಗೆ ಇಳಿಯಿತು. ಅದರ ಮುದ್ರೆಯ ಇಸಿಸಿ83ಗಳನ್ನು ಹಳೆಯ ದಾಸ್ತಾನಿನಿಂದ ಹುಡುಕಿ ಕೊಳ್ಳುವ ಗಿಟಾರಿನವರಿದ್ದಾರೆ.

ಒಂದು ಹಂತ ಸಂಕೇತವನ್ನು ಸುಮಾರು 50 ಪಟ್ಟು ಹಿಗ್ಗಿಸುತ್ತದೆ. ಹೈ-ಗೇನ್ ಆಂಪ್ಲಿಫೈಯರಿನಲ್ಲಿ ಇಂಥ ಮೂರೋ ನಾಲ್ಕೋ ಹಂತ ಒಂದರ ಹಿಂದೊಂದು. ನಡುವೆ ಬೇಕೆಂದೇ ಒಂದಿಷ್ಟು ತಗ್ಗಿಸಿದರೂ ಕೊನೆಗೆ ತಲುಪುವ ಅಲೆ ವಾಲ್ವಿನ ತಾಕತ್ತಿಗೆ ಮೀರಿದ್ದು. ಒಂದು ತುದಿಯಲ್ಲಿ ಎಲೆಕ್ಟ್ರಾನ್ ಹರಿವು ಪೂರ್ತಿ ನಿಲ್ಲುತ್ತದೆ, ಇನ್ನೊಂದು ತುದಿಯಲ್ಲಿ ಗ್ರಿಡ್ಡೇ ಅವನ್ನು ಹೀರತೊಡಗುತ್ತದೆ. ಅಲೆಯ ನೆತ್ತಿ ಚಪ್ಪಟೆ. ಚಪ್ಪಟೆಯಾದ ಅಲೆಯಲ್ಲಿ ಮೂಲ ಸ್ವರದ ಎರಡು, ಮೂರು, ನಾಲ್ಕು ಪಟ್ಟಿನ ಉಪಸ್ವರಗಳು ಹೊಸದಾಗಿ ಹುಟ್ಟುತ್ತವೆ.

ಉಪಸ್ವರಗಳ ಮೋಹ ನಮಗೇನೂ ಹೊಸದಲ್ಲ. ತಂಬೂರಿಯ ಕುದುರೆಯ ಮೇಲ್ಮೈ ಹದಗೊಳಿಸಿ ಜವಾರಿ ಮಾಡುವುದು ಅದಕ್ಕೇ. ಮೀಟಿದ ಜಾಗದ ಲೆಕ್ಕದಂತೆ ಕೇಳಿಸಬಾರದ ಉಪಸ್ವರಗಳೂ ತಂಬೂರಿಯಲ್ಲಿ ಕೇಳುತ್ತವೆ ಎಂದು ಸಿ.ವಿ. ರಾಮನ್ 1921ರಲ್ಲೇ ಬರೆದಿದ್ದರು.

ನನಗೆ ಹೆಚ್ಚು ಬೆರಗು ಹುಟ್ಟಿಸುವುದು ಎರಡು ಸ್ವರ ಒಟ್ಟಿಗೆ ನುಡಿದಾಗಿನ ಕಥೆ. ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಅದು ಷಡ್ಜವಾದರೆ ಪಂಚಮ 123. ಎರಡೂ ಒಂದೇ ವಾಲ್ವಿನಲ್ಲಿ ಚಪ್ಪಟೆಯಾದಾಗ ಅವುಗಳ ವ್ಯತ್ಯಾಸ 41 ಕೂಡ ಹುಟ್ಟುತ್ತದೆ: ಯಾವ ತಂತಿಯಲ್ಲೂ ಇಲ್ಲದ ಮಂದ್ರ ಷಡ್ಜ. ಉಳಿದ ಉಪಸ್ವರಗಳೂ 41ರ ಮಗ್ಗಿಯಲ್ಲೇ ಬರುವುದರಿಂದ, ಸ್ಪೀಕರು ಆ ಆಳಕ್ಕೆ ಇಳಿಯದಿದ್ದರೂ ಕಿವಿಯೇ ಅದನ್ನು ಕಟ್ಟಿಕೊಳ್ಳುತ್ತದೆ. ಷಡ್ಜ–ಗಾಂಧಾರ ಜೋಡಿಗೆ ಈ ಭಾಗ್ಯವಿಲ್ಲ. ಫ್ರೆಟ್ಟಿನ ಗಾಂಧಾರ ಶುದ್ಧ ಅನುಪಾತಕ್ಕಿಂತ ತುಸು ಏರಿದ್ದು. ಹುಟ್ಟುವ ಸ್ವರಗಳು ಒಂದಕ್ಕೊಂದು ಕೂಡದೆ ಕಚ್ಚಾಡುತ್ತವೆ. ಮೆಟಲ್ ಸಂಗೀತ ಸ–ಪ ಜೋಡಿಯನ್ನು ಬಿಡದಿರುವುದಕ್ಕೆ ಇದೂ ಒಂದು ಕಾರಣ.

ಇನ್ನು ಕ್ರಮ. ಮಂದ್ರದ ಅಲೆ ದೊಡ್ಡದು. ಅದನ್ನು ಹಾಗೇ ಒಳಗೆ ಬಿಟ್ಟರೆ ಉಳಿದದ್ದನ್ನೆಲ್ಲ ನುಂಗಿ ಕೆಸರಾಗುತ್ತದೆ. ಮೆಟಾಲಿಕಾ ತಂಡ 1986ರ 'ಮಾಸ್ಟರ್ ಆಫ್ ಪಪೆಟ್ಸ್' ಆಲ್ಬಮ್ಮಿನಲ್ಲಿ ಬಳಸಿದ ಮೆಸಾ ಬೂಗಿ ಮಾರ್ಕ್ 2ಸಿ ಪ್ಲಸ್ ಆಂಪ್ಲಿಫೈಯರಿನ ಗುಟ್ಟು ಇಲ್ಲಿದೆ. ಬಾಸ್ ಗುಂಡಿ, ದನಿ ಒಡೆಯುವ ಹಂತಗಳಿಗಿಂತ ಮೊದಲೇ ಇದೆ, ಈಕ್ವಲೈಜರ್ ಅವುಗಳ ಆಚೆ. ಮೊದಲು ಬಾಸ್ ಕತ್ತರಿಸಿ, ಒಡೆದ ಮೇಲೆ ಮರಳಿ ಏರಿಸಿದರೆ, ಅಂಗೈ ಅಂಚಿನಿಂದ ತಂತಿ ಅದುಮಿ ಬಾರಿಸುವ ಏಟುಗಳು ಬಿಡಿಬಿಡಿಯಾಗಿ ಬೀಳುತ್ತವೆ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಈ ತಂಡವನ್ನು ಕೇಳಿದವರಿಗೆ ಆ ಏಟಿನ ಪರಿಚಯವಿದ್ದೀತು.

ಗೇನ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸುವ ಹುಡುಗರ ಉತ್ಸಾಹ ನನಗೆ ಒಪ್ಪಿಗೆಯಿಲ್ಲ. ಚಪ್ಪಟೆಯಾದ ಅಲೆ ಮತ್ತೆ ಎತ್ತರವಾಗದು. ಏರುವುದು 50 ಹರ್ಟ್ಸ್ ಕರೆಂಟಿನ ಗುಂಯ್ ಸದ್ದು, ವಾಲ್ವಿನದೇ ಸುಯ್ ಸದ್ದು. ಗಿಟಾರ್ ಸುಮ್ಮನಿದ್ದಾಗ ಎರಡೂ ಚೆನ್ನಾಗಿ ಕೇಳುತ್ತವೆ.