ದೌತಿಯಲ್ಲಿ ಬಿಟ್ಟ ನಿಬ್ಬು

ಕಳೆದ ತಿಂಗಳು ಒಂದು ಬೆಳಿಗ್ಗೆ, ಕಲಬುರಗಿಯ ಜಗತ್ ಬಡಾವಣೆಯ ನಮ್ಮ ಮನೆಯಲ್ಲಿ, ಏಳನೆಯ ತರಗತಿಯ ಮೊಮ್ಮಗಳು ಅಳುಮುಖ ಮಾಡಿಕೊಂಡು ಬಂದಳು. ಕೈಯಲ್ಲಿ ಅದ್ದಿ ಬರೆಯುವ ಪೆನ್ನು. ರಾತ್ರಿ ಅಕ್ಷರ ತಿದ್ದಿ, ನಿಬ್ಬನ್ನು ಶಾಯಿಯಲ್ಲೇ ಬಿಟ್ಟು ಮಲಗಿದ್ದಳು. ನಿಬ್ಬಿಗೆ ತುಕ್ಕು ಹಿಡಿದಿತ್ತು.

“ಮುತ್ಯಾ, ನಾಳಿ ಶಾಲ್ಯಾಗ ನಲವತ್ತು ಕಾರ್ಡಿನ ಮ್ಯಾಲ ಹೆಸರು ಬರೀಬೇಕು. ಇದು ಹಾಳಾಯ್ತಲ್ಲ!”

“ಅಳಬ್ಯಾಡ ತಂಗಿ, ಇಲ್ಲಿ ಕೊಡು” ಎಂದೆ. ಬಟ್ಟೆಯಿಂದ ತಿಕ್ಕಿದಾಗ ಮೇಲಿನ ತುಕ್ಕು ಹೋಯಿತು. ಆದರೆ ತುದಿ ಸವೆದು ಒರಟಾಗಿತ್ತು, ಕಾಗದವನ್ನು ಕೆರೆಯತೊಡಗಿತು. ಆಗ ನಾನು ಟ್ರಂಕಿನಿಂದ ಹಳೆಯ ತಗಡಿನ ಡಬ್ಬಿ ತೆಗೆದೆ. ಅದರಲ್ಲಿ ನಮ್ಮಪ್ಪನ ಒಂದೇ ಒಂದು ನಿಬ್ಬು ಇತ್ತು.

ಅಪ್ಪ ಗಂಜ್ ಪೇಟೆಯ ಬೇಳೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಅದ್ದುವ ಪೆನ್ನಿಗೆ ನಾವು ಟಾಕು ಎನ್ನುತ್ತಿದ್ದೆವು, ಶಾಯಿ ಕುಡಿಕೆಗೆ ದೌತಿ. ಒಂಬತ್ತು ವರ್ಷದವನಿದ್ದಾಗ ಅವರ ಟಾಕನ್ನು ಕದ್ದು ತೆಗೆದು, ಗೆರೆಯನ್ನು ಕೆಳಗಿನಿಂದ ಮೇಲಕ್ಕೆ ಒತ್ತಿ ಎಳೆದೆ. ನಿಬ್ಬಿನ ಎರಡು ಕವಲುಗಳು ಒಂದರ ಮೇಲೊಂದು ಹತ್ತಿ ಕೂತವು. ಅಪ್ಪ ಬೈಯಲಿಲ್ಲ. ಮರುದಿನ ಬೇರೆಯವರ ಟಾಕು ಕೇಳಿ ಪಡೆದು ಕಿರ್ದಿ ಬರೆದರಂತೆ. ಆ ಸಂಜೆಯೇ ನನ್ನನ್ನು ಕೂರಿಸಿಕೊಂಡು ಟಾಕು ಹಿಡಿಯುವುದನ್ನು ಕಲಿಸಿದರು. ಮುಂದೆ ನಾನು ಬ್ಯಾಂಕಿನಲ್ಲಿ ಲೆಡ್ಜರ್ ಬರೆದೆ. ಅಲ್ಲಿ ತಪ್ಪಾದರೆ ಅಳಿಸುವಂತಿಲ್ಲ, ಹೊಡೆದು ಸಹಿ ಹಾಕಬೇಕು. ಅಪ್ಪ ಕಲಿಸಿದ್ದೇ ನನ್ನನ್ನು ಕಾದಿತು.

ಅದನ್ನೇ ಮೊಮ್ಮಗಳಿಗೂ ಹೇಳಿದೆ. ಉಕ್ಕಿನ ನಿಬ್ಬುಗಳು 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರಿನಿಂದ ಜಗತ್ತಿನ ಎಲ್ಲ ಕಡೆಗೂ ಹೋಗುತ್ತಿದ್ದವು. ತುಕ್ಕು ಹಿಡಿಯಬಾರದೆಂದು ಹೊಸ ನಿಬ್ಬಿಗೆ ಎಣ್ಣೆ ಅಥವಾ ಮೆರುಗಿನ ಲೇಪ ಇರುತ್ತದೆ. ಅದನ್ನು ತೆಗೆಯದಿದ್ದರೆ ಶಾಯಿ ಕೆಸುವಿನೆಲೆ ಮೇಲಿನ ನೀರಿನಂತೆ ಹನಿ ಹನಿಯಾಗಿ ಜಾರುತ್ತದೆ. ಸ್ವಲ್ಪ ಸಾಬೂನು ನೀರಿನಲ್ಲಿ ತೊಳೆದು ಒರೆಸಿದರೆ ಸಾಕು. ಕೆಲವರು ದೀಪದ ಜ್ವಾಲೆಗೆ ಹಿಡಿಯುತ್ತಾರೆ; ಹೆಚ್ಚು ಕಾದರೆ ಉಕ್ಕಿನ ಪುಟಿತ ಹೋಗುತ್ತದೆ, ಮಕ್ಕಳಂತೂ ಅದನ್ನು ಮಾಡಲೇಬಾರದು.

ನಿಬ್ಬಿನ ನಡುವಿನ ತೂತಿನವರೆಗೆ ಮಾತ್ರ ಅದ್ದಬೇಕು. ಹೆಚ್ಚಿನ ಶಾಯಿಯನ್ನು ದೌತಿಯ ಅಂಚಿಗೆ ತಾಗಿಸಿ ಇಳಿಸಬೇಕು. ಚೂಪು ನಿಬ್ಬಾದರೆ ಕೆಳಗೆ ಬರುವಾಗ ತುಸು ಒತ್ತಿ, ಆಗ ಕವಲು ಅಗಲವಾಗಿ ಗೆರೆ ದಪ್ಪವಾಗುತ್ತದೆ. ಮೇಲೆ ಹೋಗುವಾಗ ಹೂವು ಮುಟ್ಟಿದಂತೆ ಹಗುರವಾಗಿರಲಿ. ನಮ್ಮ ಕನ್ನಡ ಅಕ್ಷರಗಳೆಲ್ಲ ದುಂಡು. ಆದ್ದರಿಂದ ಮೊದಲು ಒಂದು ಪುಟ ಸೊನ್ನೆ ಬರೆಯಿರಿ. ಒಂದು ಮಗ್ಗುಲು ದಪ್ಪ, ಇನ್ನೊಂದು ಸಣ್ಣ ಬಂದರೆ ಕೈ ಕೂತಿತೆಂದೇ ಲೆಕ್ಕ. ಅಗಲ ತುದಿಯ ನಿಬ್ಬನ್ನು ಮಾತ್ರ ಒತ್ತಬೇಕಿಲ್ಲ, ಓರೆಯಾಗಿ ಹಿಡಿದ ಕೋನ ಬದಲಾಗದಿದ್ದರೆ ಸಾಕು.

ನಡುನಡುವೆ ನೀರಿನಲ್ಲಿ ಅದ್ದಿ ಒರೆಸಿ. ಒಣಗಿದ ಶಾಯಿ ಸೀಳನ್ನು ಕಟ್ಟುತ್ತದೆ. ಕೆಲಸ ಮುಗಿದ ಮೇಲೆ ಹಿಡಿಯಿಂದ ನಿಬ್ಬು ಬಿಚ್ಚಿ, ತೊಳೆದು, ಪೂರ್ತಿ ಒರೆಸಿ ಇಡಬೇಕು.

ನನ್ನ ಕೈ ಈಗ ನಡುಗುತ್ತದೆ. ಸಣ್ಣ ಗೆರೆ ಬರುವುದಿಲ್ಲ. ಬಾಯಿಂದ ಹೇಳಿದೆ, ಅವಳು ಬರೆದಳು. ಇಪ್ಪತ್ತನೆಯ ಕಾರ್ಡಿಗೆ ಒಂದು ಹನಿ ಬಿತ್ತು. ಹೆದರಿ ನನ್ನ ಮುಖ ನೋಡಿದಳು. “ಇನ್ನೊಂದು ಕಾರ್ಡ್ ತಗೊ” ಎಂದೆ. ಅಪ್ಪನ ನಿಬ್ಬು ನಲವತ್ತನ್ನೂ ದಾಟಿಸಿತು.

ರಾತ್ರಿ ಅವಳ ಮೇಜಿನ ಬಳಿ ಹೋದೆ. ದೌತಿಗೆ ಮುಚ್ಚಳ ಹಾಕಿತ್ತು. ತೊಳೆದು ಒರೆಸಿದ ನಿಬ್ಬು ತಗಡಿನ ಡಬ್ಬಿಯಲ್ಲಿತ್ತು. ಡಬ್ಬಿಯನ್ನು ಟ್ರಂಕಿಗೆ ಒಯ್ಯಲಿಲ್ಲ, ಅಲ್ಲೇ ಬಿಟ್ಟು ಬಂದೆ.