‘ವೆಂಟ್’ಗೆ ಕಾರವಾರದಲ್ಲೊಬ್ಬ ನೆಂಟ

ಇಂಗ್ಲಿಷ್ ಕಲಿಯುವ ಮಕ್ಕಳಿಗೆ ಎದುರಾಗುವ ಮೊದಲ ಒಗಟುಗಳಲ್ಲಿ ‘ಗೋ’ ಕ್ರಿಯಾಪದದ ಭೂತಕಾಲವೂ ಒಂದು. ‘ವಾಕ್’ ‘ವಾಕ್ಡ್’ ಆಗುತ್ತದೆ, ‘ಪ್ಲೇ’ ‘ಪ್ಲೇಯ್ಡ್’ ಆಗುತ್ತದೆ. ‘ಗೋ’ ಮಾತ್ರ ‘ವೆಂಟ್’ ಆಗುತ್ತದೆ. ಮೂಲದ ಒಂದಕ್ಷರವೂ ಅದರಲ್ಲಿ ಉಳಿದಿಲ್ಲ. ಕಾರಣ ಕೇಳಿದವರಿಗೆ ‘ಬಾಯಿಪಾಠ ಮಾಡು’ ಎಂಬ ಉತ್ತರ ದೊರೆಯುವುದೇ ಹೆಚ್ಚು. ಆದರೆ ಕಾರವಾರ, ಅಂಕೋಲೆಗಳ ಕೊಂಕಣಿ ಮನೆಗಳ ಮಕ್ಕಳು ಇಂಥದೇ ರೂಪವೊಂದನ್ನು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಬಲ್ಲರು.

‘ವೆಂಟ್’ ವಾಸ್ತವವಾಗಿ ‘ಗೋ’ದ ಕೂಸಲ್ಲ. ‘ತಿರುಗು’, ‘ಸಾಗು’ ಎಂಬರ್ಥದ ‘ವೆಂಡ್’ ಎಂಬ ಬೇರೊಂದು ಕ್ರಿಯಾಪದದ ಭೂತರೂಪವದು. ‘ಸೆಂಡ್’ ‘ಸೆಂಟ್’ ಆದಂತೆ, ‘ಲೆಂಡ್’ ‘ಲೆಂಟ್’ ಆದಂತೆ ‘ವೆಂಡ್’ ‘ವೆಂಟ್’ ಆಯಿತು. ಅಂದರೆ ತನ್ನ ತವರಿನಲ್ಲಿ ಅದು ಒಂದು ಜಾಡು ಹಿಡಿದು ಬಂದ ಪದವೇ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ‘ಹೋದನು’ ಎನ್ನಲು ‘ಏಓಡೆ’ ಎಂಬ ಪದವಿತ್ತು. ಸ್ವಾರಸ್ಯವೆಂದರೆ ಅದೂ ‘ಗೋ’ದ ವಂಶದ್ದಲ್ಲ! 15ನೆಯ ಶತಮಾನದ ಹೊತ್ತಿಗೆ ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ‘ವೆಂಟ್’ ಆ ಸ್ಥಾನವನ್ನು ಆಕ್ರಮಿಸಿತು. ಹೀಗೆ ಎರವಲು ಪದದ ಜಾಗಕ್ಕೆ ಮತ್ತೊಂದು ಎರವಲು ಬಂದು ಕುಳಿತಿತು. ತನ್ನ ಭೂತಕಾಲವನ್ನು ಕಳೆದುಕೊಂಡ ‘ವೆಂಡ್’ ಬಳಿಕ ‘ವೆಂಡೆಡ್’ ಎಂಬ ಹೊಸ ರೂಪ ಕಟ್ಟಿಕೊಳ್ಳಬೇಕಾಯಿತು.

ಇನ್ನು ಕಾಳಿ ನದಿಯ ದಡಕ್ಕೆ ಬರೋಣ. ಸದಾಶಿವಗಡ, ಮಾಜಾಳಿಗಳ ಕೊಂಕಣಿಯಲ್ಲಿ ‘ಹೋಗು’ ಎನ್ನಲು ‘ವಚ್’ ಎನ್ನುತ್ತಾರೆ. ‘ಹೋದನು’ ಎಂಬುದಕ್ಕೆ ಮಾತ್ರ ‘ಗೆಲೊ’. ಇಲ್ಲಿಯೂ ಎರಡು ಬೇರೆ ಬೇರೆ ಧಾತುಗಳು ಒಂದೇ ಕ್ರಿಯಾಪದದ ಎರಡು ಕಾಲಗಳನ್ನು ಹಂಚಿಕೊಂಡಿವೆ. ‘ವಚ್’ನ ಬೇರನ್ನು ಪ್ರಾಕೃತದ ಮೂಲಕ ಸಂಸ್ಕೃತದ ‘ವ್ರಜ್’ ಧಾತುವಿಗೆ ಜೋಡಿಸುತ್ತಾರೆ. ‘ಗೆಲೊ’ ಬಂದಿರುವುದು ‘ಗಮ್’ ಧಾತುವಿನ ‘ಗತ’ದಿಂದ. ಮರಾಠಿಯ ‘ಗೇಲಾ’, ಹಿಂದಿಯ ‘ಗಯಾ’ ಅದರ ಒಡಹುಟ್ಟುಗಳು. ‘ಗತ’ ಮೂಲತಃ ವಿಶೇಷಣದಂತೆ ವರ್ತಿಸುವ ಕೃದಂತವಾದ್ದರಿಂದಲೇ ಕೊಂಕಣಿಯಲ್ಲಿ ಗಂಡು ‘ಗೆಲೊ’, ಹೆಣ್ಣು ‘ಗೆಲಿ’, ನಪುಂಸಕ ‘ಗೆಲೆಂ’ ಎಂಬ ಲಿಂಗಭೇದ ಉಳಿದುಬಂದಿದೆ. ‘ವೆಂಟ್’ಗೆ ಈ ವೈಭವವಿಲ್ಲ.

ಕನ್ನಡದ ದಾರಿ ಬೇರೆ. ಹಳಗನ್ನಡದ ‘ಪೋಗು’, ‘ಪೋದಂ’ಗಳೇ ಪಕಾರವು ಹಕಾರವಾಗಿ ‘ಹೋಗು’, ‘ಹೋದ’ ಆಗಿವೆ, ಬೇರು ಒಂದೇ. ‘ಬರು’–‘ಬಂದ’, ‘ನಗು’–‘ನಕ್ಕ’, ‘ಸಾಯು’–‘ಸತ್ತ’ ಮುಂತಾದವು ವಿಚಿತ್ರವಾಗಿ ಕಂಡರೂ ಅಲ್ಲಿ ಆಗಿರುವುದು ಒಂದೇ ಧಾತುವಿನ ಸವಕಳಿ, ನೆರೆಮನೆಯ ಸಾಲವಲ್ಲ. ಹೀಗಾಗಿ ಅಂಕೋಲೆಯ ಕನ್ನಡ ಮನೆಯ ಮಗುವಿಗೆ ‘ವೆಂಟ್’ನ ಉಪಮಾನ ಬೇಕಿದ್ದರೆ ಪಕ್ಕದ ಬೆಂಚಿನಲ್ಲಿ ಕುಳಿತ ಕೊಂಕಣಿ ಸಹಪಾಠಿಯನ್ನು ಕೇಳಿದರಾಯಿತು.

ಇಂಥ ಅಕ್ರಮ ರೂಪಗಳು ಅಳಿಯದೆ ಉಳಿಯುವುದೇಕೆ? ದಿನಕ್ಕೆ ನೂರು ಸಲ ಬಳಸುವ ಪದವನ್ನು ಯಾರೂ ನಿಯಮ ನೋಡಿ ಕಟ್ಟುವುದಿಲ್ಲ, ನೆನಪಿನಿಂದಲೇ ಎತ್ತಿಕೊಳ್ಳುತ್ತಾರೆ. ಬಳಕೆ ಕಡಿಮೆಯಿರುವ ಪದಗಳು ಸಾಮಾನ್ಯವಾಗಿ ಬೇಗ ನಿಯಮಕ್ಕೆ ಶರಣಾಗುತ್ತವೆ. ‘ಹೆಲ್ಪ್’ಗೂ ಒಂದು ಕಾಲಕ್ಕೆ ‘ಹೋಲ್ಪ್’ ಎಂಬ ಭೂತರೂಪವಿತ್ತು. ಇಂದು ‘ಹೆಲ್ಪ್ಡ್’ ಮಾತ್ರ.

ಕೊಂಕಣಿಯು 1992ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿತು. ಆದರೂ ಅದನ್ನು ವ್ಯಾಕರಣವಿಲ್ಲದ ಆಡುಮಾತೆಂದು ಮೂಗು ಮುರಿಯುವವರಿದ್ದಾರೆ. ಅವರೇ ಇಂಗ್ಲಿಷಿನ ‘ವೆಂಟ್’ ಎದುರು ಮಾತ್ರ ತಲೆಬಾಗಿ ಬಾಯಿಪಾಠ ಮಾಡಿಸುತ್ತಾರೆ. ‘ಗೆಲೊ’ ಬಲ್ಲ ಮಗುವಿಗೆ ‘ವೆಂಟ್’ ಅರ್ಥಮಾಡಿಸಲು ಎರಡು ನಿಮಿಷ ಸಾಕು.